ಮಂಡಕ್ಕಿ ಭಟ್ಟಿಯವರ ಉಸಿರನ್ನೂ ಒಂದ್ಸಲ ಅಳೀರಿ

ದಾವಣಗೆರೆ ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಆರೋಗ್ಯಾಧಿಕಾರಿಗಳಿಗೂ ನಮಸ್ಕಾರ.

ಸಾರ್, ಮಂಡಕ್ಕಿ ಹುರಿಯೋ ಭಟ್ಟಿಗಳಲ್ಲಿ ದುಡಿಯೋರ ದಮ್ಮಿನ ಬಗ್ಗೆ ಈ ಪತ್ರ. ನಾನು ಹಳೇ ದಾವಣಗೆರೆ ಕಡೆ ಒಂದು ಸಣ್ಣ ಮೆಡಿಕಲ್ ಶಾಪ್ ಇಟ್ಕೊಂಡಿರೋನು, ಹತ್ತೊಂಬತ್ತು ವರ್ಷ ಆಯ್ತು. ಡಿ.ಫಾರ್ಮಾ ಓದಿದೀನಿ, ಡಾಕ್ಟರ್ ಅಲ್ಲ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಇಲ್ಲಾಂದ್ರೆ ಆಮೇಲೆ ಯಾರಾದ್ರೂ ಇವ್ನ್ಯಾವನು ದಮ್ಮಿನ ಬಗ್ಗೆ ಭಾಷಣ ಬಿಗಿಯೋಕೆ ಅಂತ ಕೇಳ್ತಾರೆ. ಆದ್ರೆ ಬೆಳಿಗ್ಗೆ ಎಂಟರಿಂದ ರಾತ್ರಿ ಹತ್ತರ ತನಕ ಕೌಂಟರ್ ಹಿಂದೆ ನಿಂತಿರೋನಿಗೆ ಆ ಏರಿಯಾದ ಎದೆ ಹೆಂಗಿದೆ ಅಂತ ಗೊತ್ತಾಗೇ ಆಗುತ್ತೆ, ಯಾರು ಮೆಟ್ಲು ಹತ್ತಿ ಬಂದು ಮಾತಾಡೋಕೆ ಮುಂಚೆ ಎಷ್ಟು ಹೊತ್ತು ಕಟ್ಟೆ ಹಿಡ್ಕೊಂಡು ನಿಲ್ತಾರೆ ಅನ್ನೋದು ನಂಗೆ ಬಾಯಿಪಾಠ.

ನಮ್ಮ ಗಲ್ಲಿಲಿ ಒಬ್ರು ಖಾಲಾ, ಅಂದ್ರೆ ಚಿಕ್ಕಮ್ಮ, ಇದಾರೆ. ಹೆಸರು ಬೇಡ, ಎಲ್ಲರೂ ಖಾಲಾ ಅಂತಾನೇ ಕರೀತಾರೆ, ನಾನೂ ಅಷ್ಟೇ. ವಯಸ್ಸು ಐವತ್ತೈದರ ಆಸುಪಾಸು. ಹದಿನೈದನೇ ವಯಸ್ಸಿಗೆ ಮಂಡಕ್ಕಿ ಭಟ್ಟಿಗೆ ಹೋಗೋಕೆ ಶುರು ಮಾಡಿದೋರು ಮೊನ್ನೆ ಮೊನ್ನೆ ತನಕ ಅಲ್ಲೇ ದುಡಿದ್ರು. ಬೀಡಿ ಮುಟ್ಟಿದೋರಲ್ಲ, ಹೊಗೆಸೊಪ್ಪೂ ಇಲ್ಲ, ಎಲೆ ಅಡಿಕೆ ಒಂದಿತ್ತು. ಐದಾರು ವರ್ಷ ಅವರ ಮಾತು ಒಂದೇ, "ಅಣ್ಣ, ದಮ್ ಹತ್ತೇತೆ ಕಣಣ್ಣ, ಆ ಬಿಳಿ ಗುಳಿಗಿ ಕೊಡು." ಆ ಬಿಳಿ ಗುಳಿಗಿ ಅಂದ್ರೆ ಸ್ಟೀರಾಯ್ಡ್ ಸಾರ್. ಯಾವುದೋ ಕ್ಲಿನಿಕ್ಕಿನೋರು ಒಂದ್ಸಲ ಐದು ದಿನಕ್ಕೆ ಅಂತ ಬರ್ಕೊಟ್ಟಿದ್ರು, ಖಾಲಾಗೆ ಎರಡನೇ ದಿನಕ್ಕೇ ಆರಾಮಾಯ್ತು, ಅವತ್ತಿಂದ ಅದೇ ಹಳೇ ಚೀಟಿ ಮಡಚಿ ಮಡಚಿ ಹರಿದು ಹೋಗೋ ತನಕ ತಂದು ತೋರ್ಸಿದ್ರು, ಚೀಟಿ ಹರಿದ ಮೇಲೆ ಬರೀ ಸ್ಟ್ರಿಪ್ಪು ತಂದ್ರು, ನಾನು ಕೊಟ್ಟೆ. ಹೌದು, ನಾನೇ ಕೊಟ್ಟಿದ್ದು. ಚೀಟಿ ಇಲ್ದೆ ಕೊಡಬಾರದು ಅಂತ ಆ ಸ್ಟ್ರಿಪ್ಪಿನ ಮೇಲೇ ಕೆಂಪು ಗೆರೆ ಇರುತ್ತೆ, ನಂಗೆ ಗೊತ್ತಿರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಕೊಡದಿದ್ರೆ ಪಕ್ಕದ ಅಂಗಡಿಗೆ ಹೋಗ್ತಾರೆ ಅನ್ನೋ ಲೆಕ್ಕ ಒಂದು, ಕಣ್ಮುಂದೆ ತೇಕ್ತಾ ನಿಂತೋರಿಗೆ ಇಲ್ಲ ಅನ್ನೋಕೆ ಮನಸ್ಸು ಬರ್ದಿರೋದು ಇನ್ನೊಂದು. ಎರಡು ವರ್ಷದಲ್ಲಿ ಖಾಲಾ ಮುಖ ಊದ್ಕೊಂಡು ಗುಂಡಗಾಯ್ತು, ಶುಗರ್ ಬಂತು, ಬಚ್ಚಲಲ್ಲಿ ಸುಮ್ನೆ ಕೂತೋರು ಎದ್ದೇಳೋಕೆ ಹೋಗಿ ಬೆನ್ನು ಹಿಡ್ಕೊಂಡ್ತು. ಅದೂ ಆ ಬಿಳಿ ಗುಳಿಗಿದೇ ಕೆಲಸ, ಮೂಳೆ ಟೊಳ್ಳಾಗುತ್ತೆ.

ಇದಾದ್ಮೇಲೇ ನಾನು ಓದೋಕೆ ಶುರು ಮಾಡಿದ್ದು. ರಾತ್ರಿ ಶಟರ್ ಇಳಿಸಿ ಮೊಬೈಲಲ್ಲಿ. ಸ್ವಿಟ್ಜರ್ಲೆಂಡ್ ನಲ್ಲಿ ಒಂದು ಸ್ಟಡಿ ಮಾಡಿದಾರೆ, 2013ರಲ್ಲಿ ಬಂದಿದ್ದು, ಸಿಒಪಿಡಿ, ಅಂದ್ರೆ ಉಸಿರಿನ ಕೊಳವೆ ಕಟ್ಕೊಂಡು ವಾಸಿಯಾಗದೆ ಉಳಿಯೋ ಕಾಯಿಲೆ, ಜಾಸ್ತಿಯಾಗಿ ಆಸ್ಪತ್ರೆಗೆ ಬಂದ 314 ಜನರಲ್ಲಿ ಅರ್ಧ ಜನಕ್ಕೆ ಈ ಸ್ಟೀರಾಯ್ಡನ್ನ ಐದು ದಿನ, ಇನ್ನರ್ಧ ಜನಕ್ಕೆ ಹದಿನಾಲ್ಕು ದಿನ ಕೊಟ್ಟು ನೋಡಿದ್ರೆ, ಐದು ದಿನದೋರು ಯಾವುದ್ರಲ್ಲೂ ಹಿಂದೆ ಬೀಳಲಿಲ್ಲ. ಅಂದ್ರೆ ದಮ್ಮು ತೀರಾ ಕೆರಳಿದಾಗ ಐದು ದಿನ, ಅಷ್ಟೇ, ಸಾಕು. ನಾನು ಐದು ವರ್ಷ ಕೊಟ್ಟಿದೀನಿ.

ಈಗ ಭಟ್ಟಿ ವಿಷಯಕ್ಕೆ ಬರ್ತೀನಿ. ಸಾರ್, ತಾವು ಹೊರಗಿಂದ ವರ್ಗಾವಣೆ ಆಗಿ ಬಂದೋರಾದ್ರೆ ನಮ್ಮೂರಲ್ಲಿ ಬೆಣ್ಣೆ ದೋಸೆ ತಿಂದಿರ್ತೀರ, ಸಂಜೆ ಖಾರ ಮಂಡಕ್ಕಿ ಮಿರ್ಚಿ ತಿಂದಿರ್ತೀರ, ನರ್ಗಿಸ್ ಮಂಡಕ್ಕಿನೂ ಯಾರಾದ್ರೂ ತಿನ್ನಿಸಿರ್ತಾರೆ. ಆ ಮಂಡಕ್ಕಿ ಆಗೋ ಜಾಗಕ್ಕೆ ಒಂದ್ಸಲ ಬೆಳಗಿನ ಜಾವ ಬನ್ನಿ, ಎಸ್ಕಾರ್ಟ್ ಗಿಸ್ಕಾರ್ಟ್ ಇಲ್ದೆ. ಒಲೆ ಮುಂದೆ ಕೂತೋರು ಒಂದ್ ಕೈಲಿ ಹೊಟ್ಟು ತಳ್ತಾ ಇರ್ತಾರೆ, ಇನ್ನೊಬ್ರು ಕಾದ ಮರಳಿಗೆ ಅಕ್ಕಿ ಸುರಿದು ಮಗುಚ್ತಾ ಇರ್ತಾರೆ, ಪಟಪಟ ಅಂತ ಅರಳಿದ್ದೇ ತಡ ಜರಡಿಗೆ ಹಾಕಿ ಮರಳು ಉದುರ್ಸಿ ಮಂಡಕ್ಕಿ ಆ ಕಡೆ ಎಸೀತಾರೆ. ಹೊಟ್ಟಿನ ಹೊಗೆ, ಮರಳಿನ ಸಣ್ಣ ಧೂಳು, ಅಕ್ಕಿ ಹುಡಿ ಎಲ್ಲ ಆ ತಗಡಿನ ಕೆಳಗೇ ಸುತ್ತುತ್ತಾ ಇರುತ್ತೆ, ತಗಡಿಗೆ ಒಂದು ಕಿಂಡಿ ಇದ್ರೆ ಅದೇ ಚಿಮಣಿ. ಹಿಂದೆ ಟೈರು, ಹಳೇ ಚಪ್ಪಲಿ ಎಲ್ಲ ಒಲೆಗೆ ಹೋಗ್ತಿತ್ತು, ನಾನು ಸಣ್ಣೋನಿದ್ದಾಗ ಒಣಗಾಕಿದ ಬನೀನು ಸಂಜೆಗೆ ಕರಿ ಚುಕ್ಕೆ ಹಾಕ್ಕೊಂಡು ಕೂತಿರ್ತಿತ್ತು. ಈಗ್ಲೂ ಅಲ್ಲೊಂದು ಇಲ್ಲೊಂದು ರಾತ್ರಿ ಹೊತ್ತು ಆ ವಾಸನೆ ಬರುತ್ತೆ. ಖಾಲಾ ಕೂತಿದ್ದು ಹೊಟ್ಟು ತಳ್ಳೋ ಜಾಗದಲ್ಲಿ, ಮುಖ ನೇರ ಒಲೆ ಬಾಯಿಗೆ.

ಭಟ್ಟಿ ಮುಚ್ಸಿ ಅಂತ ನಾನು ಬರೀತಿಲ್ಲ. ಇದನ್ನ ಎರಡ್ಸಲ ಓದಿ ದಯವಿಟ್ಟು. ಹಂಗೆ ಬರೆದ್ರೆ ನಾಳೆ ನನ್ನ ಅಂಗಡಿ ಮುಂದೆ ಜನ ನಿಲ್ತಾರೆ, ನಿಲ್ಲೋದು ನ್ಯಾಯಾನೇ, ಎಷ್ಟೋ ಮನೆ ಒಲೆ ಉರಿಯೋದು ಆ ಒಲೆಯಿಂದಾನೇ.

ಮೈಸೂರಿನ ಜೆಎಸ್ಎಸ್ ಮೆಡಿಕಲ್ ಕಾಲೇಜಿನ ಡಾಕ್ಟರ್‌ಗಳು ಹಳ್ಳಿ ಹೆಂಗಸರ ಮೇಲೆ ಮಾಡಿದ ಒಂದು ಅಧ್ಯಯನ ಇದೆ, 2013ರಲ್ಲಿ ಪ್ರಿಂಟ್ ಆಗಿದ್ದು. ಅವರ ಲೆಕ್ಕ ನಮ್ಮಂಥೋರಿಗೂ ಅರ್ಥ ಆಗೋ ಥರ ಇದೆ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಇರ್ತೀರ, ಎಷ್ಟು ವರ್ಷದಿಂದ, ಎರಡನ್ನೂ ಗುಣಿಸಿ. ಆ ಸಂಖ್ಯೆ 60 ದಾಟಿದ್ರೆ ಕ್ರಾನಿಕ್ ಬ್ರಾಂಕೈಟಿಸ್, ಅಂದ್ರೆ ವರ್ಷದಲ್ಲಿ ಮೂರು ತಿಂಗಳು ಕಫದ ಕೆಮ್ಮು, ಅದೂ ಎರಡು ವರ್ಷ ಸತತ, ಬರೋ ಸಾಧ್ಯತೆ ಎದ್ದು ಕಾಣೋ ಥರ ಜಾಸ್ತಿ ಆಗುತ್ತೆ ಅಂತ ಅವರು ಕಂಡಿದ್ದು. ದಿನಾ ಮೂರು ಗಂಟೆ ಅಡಿಗೆ ಮಾಡೋರಿಗೆ ಇಪ್ಪತ್ತು ವರ್ಷ ಹಿಡಿಯುತ್ತೆ. ಈಗ ಖಾಲಾ ಲೆಕ್ಕ ಹಾಕಿ. ದಿನಕ್ಕೆ ಎಂಟು ಗಂಟೆ ಅಂತ ಕಮ್ಮಿನೇ ಇಟ್ಕೊಳ್ಳಿ, ನಲವತ್ತು ವರ್ಷ, 320. ಅಡಿಗೆ ಮನೆ ಲೆಕ್ಕನ ಭಟ್ಟಿಗೆ ಹಂಗೇ ಅಂಟಿಸೋಕೆ ಬರಲ್ಲ ಅಂತ ಯಾರಾದ್ರೂ ಪ್ರೊಫೆಸರ್ ಹೇಳಬಹುದು, ಒಪ್ತೀನಿ. ಹಂಗಾದ್ರೆ ಭಟ್ಟಿ ಲೆಕ್ಕ ನೀವೇ ಹಾಕ್ಸಿ ಅನ್ನೋದೇ ನನ್ನ ಅರ್ಜಿ. ನಮ್ಮೂರಲ್ಲೇ ಮೆಡಿಕಲ್ ಕಾಲೇಜುಗಳಿವೆ, ಪಿಜಿ ಹುಡುಗ್ರು ಥೀಸಿಸ್ ಗೆ ವಿಷಯ ಹುಡುಕ್ತಾ ಇರ್ತಾರೆ, ವಿಷಯ ಆಟೋದಲ್ಲಿ ಹತ್ತು ನಿಮಿಷದ ದಾರಿಲಿ ಕೆಮ್ತಾ ಕೂತಿದೆ.

ದಮ್ಮು ಅಂದ್ ತಕ್ಷಣ ಎಲ್ಲರೂ ಕೇಳೋದು ಬೀಡಿ ಸೇದ್ತೀಯಾ ಅಂತ. ಇಲ್ಲ ಅಂದ್ರೆ ಹಂಗಾದ್ರೆ ಅಲರ್ಜಿ, ವಯಸ್ಸಾಯ್ತು, ಗ್ಯಾಸ್ಟ್ರಿಕ್, ಟೆನ್ಷನ್. ಹೆಂಗಸರಿಗಂತೂ ಟೆನ್ಷನ್ ಅಂತ ಬೇಗ ಹೇಳ್ಬಿಡ್ತಾರೆ. ಆದ್ರೆ ದೇಶದ ಲೆಕ್ಕ ಬೇರೆ ಹೇಳುತ್ತೆ. 2018ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಲಿ ಬಂದ ಲೆಕ್ಕದಲ್ಲಿ ಇಂಡಿಯಾದಲ್ಲಿ ಸಿಒಪಿಡಿ ಇರೋರು 1990ರಲ್ಲಿ 2 ಕೋಟಿ 81 ಲಕ್ಷ ಇದ್ದಿದ್ದು 2016ಕ್ಕೆ 5 ಕೋಟಿ 53 ಲಕ್ಷ ಆಗಿತ್ತು. ಆ ರೋಗದ ಹೊರೆಲಿ ವಾಯುಮಾಲಿನ್ಯದ ಪಾಲು, ಮನೆ ಒಳಗಿನ ಹೊಗೆನೂ ಸೇರಿ, ಶೇ 53.7. ತಂಬಾಕಿನ ಪಾಲು ಶೇ 25.4. ಕೆಲಸದ ಜಾಗದ ಧೂಳು ಹೊಗೆ ಶೇ 16.5. ಬೀಡಿ ಬಿಡಿ ಅನ್ನೋ ಬೋರ್ಡು ಎಲ್ಲ ಆಸ್ಪತ್ರೆಲೂ ಇದೆ, ಬೇಕೇ ಬೇಕು ಅದು. ಮಿಕ್ಕಿದ್ದಕ್ಕೆ ಬೋರ್ಡೂ ಇಲ್ಲ.

ನಮ್ಮೂರಿಗೆ ಇದು ಹೊಸದೂ ಅಲ್ಲ. ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿ ಇದ್ದೋರು, ದಾವಣಗೆರೆನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲದ ಬಾಲ ಅದು. ಅಪ್ಪಂದು ಒಂದು ವಿಚಿತ್ರ ಇತ್ತು, ಭಾನುವಾರ ರಜೆ, ಆರಾಮಾಗಿರ್ತಿದ್ರು, ಸೋಮವಾರ ಡ್ಯೂಟಿಗೆ ಹೋದ್ರೆ ಮಧ್ಯಾಹ್ನಕ್ಕೇ ಎದೆ ಹಿಡ್ಕೊಂಡಂಗೆ, ಉಸಿರು ಅರ್ಧಕ್ಕೇ ನಿಂತಂಗೆ, ಗುರುವಾರ ಶುಕ್ರವಾರದ ಹೊತ್ತಿಗೆ ಕಮ್ಮಿ. ಅಜ್ಜಿ ಅದನ್ನ ಸೋಮಾರಿತನ ಅಂತಿದ್ಲು, ರಜೆ ರುಚಿ ಹತ್ತೇತೆ ಇವನಿಗೆ ಅಂತ. ಮೊಬೈಲಲ್ಲಿ ಓದ್ತಾ ಓದ್ತಾ ಒಂದಿನ ಗೊತ್ತಾಯ್ತು, ಅದಕ್ಕೆ ಬಿಸಿನೋಸಿಸ್ ಅಂತ ಹೆಸರು, ಹತ್ತಿ ಧೂಳಿನ ಕಾಯಿಲೆ, ವಾರದ ಮೊದಲ ದಿನ ಎದೆ ಕಟ್ಟೋದೇ ಅದರ ಗುರುತು. ಹತ್ತಿಗೆ ಅಂಟಿರೋ ಬ್ಯಾಕ್ಟೀರಿಯಾಗಳ ವಿಷ ಅದಕ್ಕೆ ಕಾರಣ ಅಂತಾರೆ, ಒಂದೆರಡು ದಿನ ಬಿಟ್ಟು ಹೋದ್ರೆ ಜೋರಾಗಿ ತಾಗುತ್ತೆ. ಫ್ಯಾಕ್ಟರಿ ಕಾಯ್ದೆಲಿ ಹೆಸರು ಬರೆದಿದ್ದ ಕಾಯಿಲೆ ಸಾರ್ ಅದು, ಪರಿಹಾರ ಕಾಯ್ದೆಲೂ ಇತ್ತು. ಅಪ್ಪ ತೀರ್ಕೊಂಡು ಹನ್ನೊಂದು ವರ್ಷ, ಅವರ ಯಾವ ಚೀಟಿಲೂ ಆ ಹೆಸರಿಲ್ಲ, ಬರೀ ಅಸ್ತಮಾ ಅಂತಿದೆ. ಮಿಲ್ಲಿಗಾದ್ರೂ ಕಾಯ್ದೆ ಅಂತ ಒಂದಿತ್ತು, ನಾಲ್ಕೈದು ಜನ ದುಡಿಯೋ ಭಟ್ಟಿ ಫ್ಯಾಕ್ಟರಿ ಲೆಕ್ಕಕ್ಕೇ ಬರಲ್ಲ. ಮೆಕ್ಕೆಜೋಳ ಬಡಿಸೋ ಕಾಲಕ್ಕೆ ಮಿಷಿನ್ ಹಿಂದೆ ನಿಲ್ಲೋ ಕೂಲಿಯವರು ಆ ಒಂದೂವರೆ ತಿಂಗಳು ನನ್ನ ಅಂಗಡಿಗೆ ಕೆಮ್ಮಿನ ಸಿರಪ್ ಗೆ ಬರ್ತಾರೆ, ಅದು ಇನ್ನೊಂದು ಪತ್ರ ಆಗುತ್ತೆ, ಬಿಡಿ.

ಕೊನೆಗೆ ಖಾಲಾನ ನಾನೇ ಸ್ಕೂಟಿಲಿ ಕೂರಿಸ್ಕೊಂಡು ಒಂದು ದೊಡ್ಡ ಆಸ್ಪತ್ರೆಗೆ ಕರ್ಕೊಂಡು ಹೋದೆ. ಅದಕ್ಕೂ ಮುಂಚೆ ಮೂರು ಕಡೆ ಎಕ್ಸ್‌ರೇ ಆಗಿತ್ತು, ಎರಡ್ಸಲ ಕಫ ಟಿಬಿಗೆ ಅಂತ ಹೋಗಿತ್ತು, ಎರಡೂ ಸಲ ಇಲ್ಲ ಅಂತ ಬಂತು, ಇಸಿಜಿನೂ ಆಗಿತ್ತು. ಊದೋ ಟೆಸ್ಟ್ ಮಾತ್ರ ಯಾರೂ ಮಾಡಿಸಿರ್ಲಿಲ್ಲ. ಸ್ಪೈರೋಮೆಟ್ರಿ. ಮೂಗಿಗೆ ಕ್ಲಿಪ್ ಹಾಕಿ ಪೈಪು ಬಾಯಿಗಿಟ್ಟು, ಎದೆ ತುಂಬ ಉಸಿರು ಎಳ್ಕೊಂಡು ಒಂದೇ ಸಲಕ್ಕೆ ಜೋರಾಗಿ ಊದಿ ಖಾಲಿ ಆಗೋ ತನಕ ಬಿಡಬಾರದು, ಆ ಹುಡುಗಿ ಟೆಕ್ನಿಷಿಯನ್ನು "ಊದಿ ಊದಿ ಊದಿ ಇನ್ನೂ ಇನ್ನೂ" ಅಂತ ಕೂಗ್ತಾ ಇದ್ರೆ ಹೊರಗೆ ಕೂತಿದ್ದ ನಂಗೇ ಉಸಿರು ಕಟ್ತಿತ್ತು. ಮೂರು ಸಲ ಊದ್ಸಿ, ಇನ್ಹೇಲರ್ ನಾಲ್ಕು ಪಫ್ ಕೊಟ್ಟು, ಕಾಲು ಗಂಟೆ ಕೂರ್ಸಿ ಮತ್ತೆ ಊದ್ಸಿದ್ರು. ಮೊದಲ ಒಂದು ಸೆಕೆಂಡಲ್ಲಿ ಹೊರಗೆ ಬಂದ ಗಾಳಿ ಒಟ್ಟು ಗಾಳಿಲಿ 0.70ಕ್ಕಿಂತ ಕಮ್ಮಿ ಇದ್ರೆ ಉಸಿರಿನ ಕೊಳವೆ ಕಟ್ಟಿದೆ ಅಂತ ಲೆಕ್ಕ. ಖಾಲಾದು 0.52 ಬಂತು. ಇನ್ಹೇಲರ್ ಕೊಟ್ಟ ಮೇಲೂ. ಐದಾರು ವರ್ಷ ಅಲೆದಾಡಿದ್ದಕ್ಕೆ ಅರ್ಧ ಗಂಟೆಲಿ ಸಿಒಪಿಡಿ ಅಂತ ಹೆಸರು ಸಿಕ್ತು.

ಈ ಮಿಷಿನ್ ಏನು ನಿನ್ನೆ ಮೊನ್ನೆದಲ್ಲ. ಲಂಡನ್ ನಲ್ಲಿ ಜಾನ್ ಹಚಿನ್ಸನ್ ಅನ್ನೋ ಡಾಕ್ಟರು 1846ರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಜನರನ್ನ ಊದಿಸಿ ಲೆಕ್ಕ ಬರೆದಿದ್ದ. ಇವತ್ತು ಅದು ಅಂಗೈ ಅಗಲದಲ್ಲಿ ಬರುತ್ತೆ, ಲ್ಯಾಪ್‌ಟಾಪಿಗೆ ವೈರ್ ಚುಚ್ಚಿದ್ರೆ ಆಯ್ತು. ಬಿಪಿ ಮಿಷಿನ್ ಎಲ್ಲ ಕಡೆ ಇದೆ, ಶುಗರ್ ಸ್ಟ್ರಿಪ್ ಆಶಾ ಅಕ್ಕಂದಿರ ಕೈಗೂ ಬಂದಿದೆ, ಊದೋ ಮಿಷಿನ್ ಗೆ ಮಾತ್ರ ನಮ್ಮ ಏರಿಯಾದೋರು ಒಂದಿನದ ಕೂಲಿ ಬಿಟ್ಟು ದೊಡ್ಡಾಸ್ಪತ್ರೆ ಕ್ಯೂಲಿ ನಿಲ್ಲಬೇಕು. ಅದೂ ನಿಲ್ಲಬೇಕು ಅಂತ ಯಾರಾದ್ರೂ ಹೇಳಿದ್ರೆ. ಕೇಂದ್ರದ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮಕ್ಕೆ ಸಿಒಪಿಡಿನೂ ಸೇರಿಸಿದಾರೆ, 2023ರ ಗೈಡ್‌ಲೈನ್ ಪುಸ್ತಕದಲ್ಲಿದೆ, ತಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತೆ. ಪುಸ್ತಕದಿಂದ ನಮ್ಮ ಗಲ್ಲಿಗೆ ಬಸ್ಸು ಇನ್ನೂ ಹೊರಟಿಲ್ಲ ಅಷ್ಟೇ.

ಟಿಬಿ ನೋಡಿ. ಟಿಬಿ ಮಾತ್ರೆ ಮಾರಿದ್ರೆ ನಾನು ಎಚ್1 ರಿಜಿಸ್ಟರ್ ನಲ್ಲಿ ಪೇಷಂಟ್ ಹೆಸರು, ಡಾಕ್ಟರ್ ಹೆಸರು, ಎಷ್ಟು ಕೊಟ್ಟೆ ಎಲ್ಲ ಬರೀಬೇಕು, ಮೂರು ವರ್ಷ ಆ ಪುಸ್ತಕ ಇಡಬೇಕು. ರೋಗಿಗೆ ಊಟಕ್ಕೆ ಅಂತ ತಿಂಗಳಿಗೆ 1000 ರೂಪಾಯಿ ಖಾತೆಗೆ ಬರುತ್ತೆ, ಮನೆ ಹತ್ರ ಬಂದು ಮಾತ್ರೆ ನುಂಗಿದ್ರಾ ಕೇಳ್ತಾರೆ. ಒಳ್ಳೇದೇ, ಹೊಟ್ಟೆಕಿಚ್ಚಲ್ಲ ಇದು. ಮನೇಲೇ ಇಟ್ಟು ಔಷಧಿ ಕೊಟ್ರೂ ಸ್ಯಾನಿಟೋರಿಯಂ ಅನ್ನೋ ಟಿಬಿ ಆಸ್ಪತ್ರೆಲಿ ಇಟ್ಟಷ್ಟೇ ಗುಣ ಆಗುತ್ತೆ ಅಂತ ಜಗತ್ತಿಗೆ ತೋರ್ಸಿದ್ದೇ 1959ರ ಮದರಾಸಿನ ಸ್ಟಡಿ. ಎದೆ ರೋಗನ ಜನರ ಮನೆ ಬಾಗಿಲಿಗೆ ಹೋಗಿ ನೋಡೋದು ಈ ಸೀಮೆಗೆ ಹೊಸದಲ್ಲ ಅಂತ ಹೇಳೋಕೆ ಇದನ್ನೆಲ್ಲ ಬರೆದೆ.

ಔಷಧಿ ವಿಷಯ. ಇಲ್ಲಿ ಸ್ವಲ್ಪ ಉದ್ದ ಆಗುತ್ತೆ, ನನ್ನ ಕಸುಬು ಇದೇ. ನಮ್ಮ ಜನಕ್ಕೆ ಇನ್ಹೇಲರ್ ಅಂದ್ರೆ ಕೊನೇ ಸ್ಟೇಜು. "ಪಂಪು ಹಚ್ಚಿದ್ರೆ ಬಿಡಂಗಿಲ್ವಂತೆ", "ಪಂಪ್ ಹಿಡಿದೋರು ಬದುಕಲ್ವಂತೆ", ಹೆಣ್ಣು ನೋಡೋಕೆ ಬರೋರ ಮುಂದಂತೂ ಮುಚ್ಚಿಡ್ತಾರೆ. ಅದಕ್ಕೆ ಗುಳಿಗಿ ಕೇಳ್ತಾರೆ, ಇಲ್ಲಾ ಕ್ಲಿನಿಕ್ಕಿಗೆ ಹೋಗಿ ದಮ್ಮಿನ ಇಂಜೆಕ್ಷನ್ ಹಾಕಿಸ್ಕೊಂಡು ಬರ್ತಾರೆ. ನಾನೀಗ ಒಂದೇ ಲೆಕ್ಕ ಹೇಳ್ತೀನಿ ಕೌಂಟರ್ ಮೇಲೆ ಪೆನ್ನಲ್ಲಿ ಬರೆದು. ಉಸಿರಿನ ಕೊಳವೆ ಸಡಿಲಿಸೋ ಸಾಲ್ಬುಟಮಾಲ್ ಗುಳಿಗಿ 4 ಮಿಲಿಗ್ರಾಂ. ಪಂಪಿನ ಒಂದು ಪಫ್ಫು 100 ಮೈಕ್ರೋಗ್ರಾಂ. ಅಂದ್ರೆ ಒಂದು ಗುಳಿಗಿ ನುಂಗಿದ್ರೆ ನಲವತ್ತು ಪಫ್ಫಿನಷ್ಟು ಔಷಧಿ ಹೊಟ್ಟೆಗೆ ಹೋಗಿ ರಕ್ತಕ್ಕೆ ಸೇರಿ ಮೈಯೆಲ್ಲ ಸುತ್ತಿ ಕೈ ನಡುಗ್ಸಿ ಎದೆ ಡವಡವ ಅನ್ಸಿ ಆಮೇಲೆ ಒಂಚೂರು ಶ್ವಾಸಕೋಶಕ್ಕೆ ಬರುತ್ತೆ. ಪಂಪಲ್ಲಿ ನೇರ ಅಲ್ಲಿಗೇ. ಯಾವುದು ಜಾಸ್ತಿ ಔಷಧಿ ಹೇಳಿ ಅಂದ್ರೆ ಸುಮ್ನಾಗ್ತಾರೆ. ಆ ಪಂಪು ಹುಟ್ಟಿದ್ದೂ ಒಂದು ಮಗು ಪ್ರಶ್ನೆಯಿಂದ ಅಂತೆ, 1955ರಲ್ಲಿ ಅಮೆರಿಕದಲ್ಲಿ ಒಂದು ಔಷಧಿ ಕಂಪನಿ ಮುಖ್ಯಸ್ಥನ ಹದಿಮೂರು ವರ್ಷದ ಅಸ್ತಮಾ ಮಗಳು ತಲೆಗೂದಲಿಗೆ ಹೊಡ್ಕೊಳ್ಳೋ ಸ್ಪ್ರೇ ಥರ ನನ್ನ ಔಷಧಿ ಯಾಕೆ ಬರಲ್ಲ ಅಂತ ಕೇಳಿದ್ಲಂತೆ, ಮುಂದಿನ ವರ್ಷ ಪಂಪು ಮಾರ್ಕೆಟ್ಟಿಗೆ ಬಂತು.

ಪಂಪಲ್ಲೂ ತಕರಾರಿದೆ. ನಾನು ಜಾಸ್ತಿ ಮಾರೋದು ನೀಲಿ ಪಂಪು, ತಕ್ಷಣ ಆರಾಮ ಕೊಡೋದು. ಅಸ್ತಮಾದೋರಿಗೆ ಬರೀ ಅದೊಂದನ್ನೇ ಕೊಟ್ಟು ಬಿಡಬಾರದು ಅಂತ ಜಾಗತಿಕ ಅಸ್ತಮಾ ಗೈಡ್‌ಲೈನ್ ನೋರು 2019ರಿಂದ ಹೇಳ್ತಾ ಇದಾರೆ, ಊತ ಇಳಿಸೋ ಔಷಧಿ ಜೊತೆಗಿರಲೇಬೇಕು. ಖಾಲಾ ಥರ ಸಿಒಪಿಡಿ ಇರೋರಿಗೆ ದಿನಾ ತಗೊಳ್ಳೋ ಉದ್ದ ಕೆಲಸ ಮಾಡೋ ಔಷಧಿ ಬೇರೆ, ಟಿಯೋಟ್ರೋಪಿಯಂ ಅಂಥದ್ದು. ಅದು ದೇಶದ ಅಗತ್ಯ ಔಷಧಿ ಪಟ್ಟಿಲೂ ಇದೆ. ಯಾರಿಗೆ ಯಾವುದು ಅಂತ ಊದ್ಸಿ ನೋಡದೆ ಹೇಳೋಕೆ ಆಗಲ್ಲ, ಮತ್ತೆ ಅಲ್ಲಿಗೇ ಬಂತು ನೋಡಿ ಮಾತು.

ಇನ್ನು ಪಂಪು ಒತ್ತೋದು ಉಸಿರೆಳೆಯೋದು ಎರಡೂ ಒಟ್ಟಿಗೆ ಆಗಬೇಕು. ಖಾಲಾ ಮೊದ್ಲು ಒತ್ತಿ, ಆಮೇಲೆ ಬಾಯಿ ತೆಗೆದು, ಅರ್ಧ ಔಷಧಿ ನಾಲಿಗೆಗೆ ಅರ್ಧ ನನ್ನ ಮುಖಕ್ಕೆ. ಪಂಪಿಗೂ ಬಾಯಿಗೂ ನಡುವೆ ಇಡೋಕೆ ಸ್ಪೇಸರ್ ಅಂತ ಒಂದು ಪ್ಲಾಸ್ಟಿಕ್ ಡಬ್ಬಿ ಬರುತ್ತೆ, ದುಡ್ಡು ಕೊಡೋಕೆ ಅವರ ಹತ್ರ ಇರ್ಲಿಲ್ಲ, ನಾನು ಕೊಡ್ತೀನಿ ಅಂದ್ರೆ ತಗೊಳ್ಳಲಿಲ್ಲ, ಋಣ ಅಂತೆ. ಆಗ ನೆನಪಾಗಿದ್ದು ದಕ್ಷಿಣ ಆಫ್ರಿಕಾದ ಕೇಪ್ ಟೌನ್ ಸ್ಟಡಿ, 1999ರಲ್ಲಿ ಲ್ಯಾನ್ಸೆಟ್ ನಲ್ಲಿ ಬಂದಿದ್ದು. ಅಸ್ತಮಾ ಕೆರಳಿ ಬಂದ ಮಕ್ಕಳಿಗೆ ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟ್ಲಿನೇ ಸ್ಪೇಸರ್ ಮಾಡಿ ಕೊಟ್ಟು ನೋಡಿದ್ರೆ ಅಂಗಡಿ ಸ್ಪೇಸರ್ ನಷ್ಟೇ ಕೆಲಸ ಮಾಡ್ತು. ಸರಿ, ಟೀ ಅಂಗಡಿ ಸ್ಟೋವ್ ಮೇಲೆ ದಪ್ಪ ತಂತಿ ಕಾಯಿಸಿ, ಬಾಟ್ಲಿ ತಳಕ್ಕೆ ಪಂಪಿನ ಮೂತಿ ಅಳತೆಗೆ ತೂತು ಕೊರೆದೆ, ಮೊದಲನೇ ಬಾಟ್ಲಿ ಸುಟ್ಟು ಮುದುಡಿ ಹೋಯ್ತು, ಎರಡನೇದು ಸರಿಯಾಯ್ತು, ಸಂದು ಇರದ ಹಂಗೆ ಸುತ್ತ ಫೆವಿಕ್ವಿಕ್ಕು ಟೇಪು ಹಾಕಿ ಒಂದಿನ ಒಣಗಿಸಿ, ಸೋಪು ನೀರಲ್ಲಿ ತೊಳೆದು ಕೊಟ್ಟೆ. ಈಗ ಖಾಲಾ ಬಾಟ್ಲಿ ಬಾಯಿಗಿಟ್ಕೊಂಡು ಒಂದು ಒತ್ತಿ ನಿಧಾನಕ್ಕೆ ಐದಾರು ಸಲ ಉಸಿರಾಡ್ತಾರೆ. ಮೊಮ್ಮಗ ಅದಕ್ಕೆ ದಾದಿ ಹುಕ್ಕಾ, ಅಂದ್ರೆ ಅಜ್ಜಿ ಹುಕ್ಕಾ, ಅಂತಾನೆ. ಸ್ಟೀರಾಯ್ಡ್ ಗುಳಿಗಿನ ಡಾಕ್ಟರ್ ಹೇಳಿದ ಹಂಗೆ ನಿಧಾನವಾಗಿ ಇಳಿಸಿ ನಿಲ್ಸಿದ್ವಿ, ಒಂದೇ ಸಲಕ್ಕೆ ನಿಲ್ಸೋದೂ ಅಪಾಯ. ಖಾಲಾ ಈಗ ಅಂಗಡಿ ಮೆಟ್ಲಲ್ಲಿ ನಿಲ್ಲದೆ ಹತ್ತುತ್ತಾರೆ. ಹೋದ ಶ್ವಾಸಕೋಶ ವಾಪಸ್ ಬಂದಿಲ್ಲ, ಬರೋದೂ ಇಲ್ಲ, ಅದನ್ನ ಅವರಿಗೂ ಹೇಳಿದೀನಿ.

ಹೊರಗಡೆ ಪ್ರಪಂಚ ಎಲ್ಲೋ ಹೋಗಿದೆ ಸಾರ್. ರಕ್ತದಲ್ಲಿ ಇಯೋಸಿನೋಫಿಲ್ ಅನ್ನೋ ಬಿಳಿ ರಕ್ತಕಣ ಜಾಸ್ತಿ ಇರೋ ಸಿಒಪಿಡಿಯವರಿಗೆ ಡುಪಿಲುಮ್ಯಾಬ್ ಅನ್ನೋ ಇಂಜೆಕ್ಷನ್ ಗೆ 2024ರಲ್ಲಿ ಯುರೋಪಲ್ಲೂ ಅಮೆರಿಕದಲ್ಲೂ ಒಪ್ಪಿಗೆ ಸಿಕ್ತು. ಅದನ್ನ ನಾನು ಕೇಳ್ತಿಲ್ಲ, ನನ್ನ ಅಂಗಡಿ ಫ್ರಿಜ್ಜಲ್ಲಿ ಅದು ಇರೋ ಕಾಲ ಬರೋದು ನಂಗೆ ಬೇಡ, ರೇಟು ಕೇಳಿದ್ರೆ ನಂಗೇ ದಮ್ಮು ಬರುತ್ತೆ. ಕೊರೊನಾ ಕಾಲದಲ್ಲಿ ಕೊಂಡ ಆಕ್ಸಿಜನ್ ಮಿಷಿನ್ ಗಳು ಎಷ್ಟೋ ಮನೇಲಿ ಮೂಲೆಗೆ ಬಿದ್ದಿವೆ, ಕೆಲವರು ತೇಕು ಬಂದಾಗೆಲ್ಲ ಹಚ್ಕೊಂಡು ಕೂರ್ತಾರೆ. ಆಕ್ಸಿಜನ್ ತೀರಾ ಕಮ್ಮಿ ಇದ್ದೋರು ದಿನಕ್ಕೆ 15 ಗಂಟೆ ಹಾಕ್ಕೊಂಡ್ರೆ ಆಯುಸ್ಸು ಹೆಚ್ಚುತ್ತೆ ಅಂತ 1981ರಲ್ಲೇ ಬ್ರಿಟನ್ ನಲ್ಲಿ ಗೊತ್ತಾಗಿದೆ, ಸುಮಾರಾಗಿ ಕಮ್ಮಿ ಇದ್ದೋರಿಗೆ ಆ ಥರ ಲಾಭ ಇಲ್ಲ ಅಂತ 2016ರ ಅಮೆರಿಕದ ಸ್ಟಡಿಲಿ ಗೊತ್ತಾಯ್ತು. ಯಾರಿಗೆ ಬೇಕೋ ಅವರಿಗೆ ಸಿಗ್ತಿಲ್ಲ, ಬೇಡದ ಮನೇಲಿ ಕರೆಂಟ್ ಬಿಲ್ ಏರ್ತಿದೆ. ಇದನ್ನೂ ಒಂದ್ಸಲ ಯಾರಾದ್ರೂ ಲೆಕ್ಕ ಹಾಕಿದ್ರೆ ಚೆನ್ನಾಗಿತ್ತು.

ಸರಿ, ನಾನು ಕೇಳ್ತಿರೋದು ಸಣ್ಣದು. ಭಟ್ಟಿ ಏರಿಯಾಗೆ ಹತ್ತಿರದ ನಗರ ಆರೋಗ್ಯ ಕೇಂದ್ರಕ್ಕೆ ಒಂದು ಊದೋ ಮಿಷಿನ್ನು, ಅದನ್ನ ಸರಿಯಾಗಿ ಊದ್ಸೋಕೆ ಬರೋ ಒಬ್ರು, ಯಾಕಂದ್ರೆ ಮಿಷಿನ್ ತಂದು ಕವರ್ ಹಾಕಿ ಇಟ್ರೆ ಏನೂ ಬರಲ್ಲ, ಊದ್ಸೋರ ಗಂಟಲಲ್ಲೇ ಟೆಸ್ಟಿನ ಅರ್ಧ ಇರೋದು. ಕೆಮ್ಮು ತೇಕು ಇರೋ ಭಟ್ಟಿಯವರನ್ನ ಹೆಸರು ಹಿಡಿದು ಕರೆದು ಊದ್ಸಿ, ಎಷ್ಟು ಜನ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಬಿಪಿ ಶುಗರ್ ಮಾತ್ರೆ ಕೊಡೋ ಹಂಗೆ ದಿನದ ಇನ್ಹೇಲರ್ ತಿಂಗಳು ತಿಂಗಳು ಖಾಲಿಯಾಗದ ಹಂಗೆ ಕೊಡಿ. ಎರಡು ತಿಂಗಳು ಬಂದು ಮೂರನೇ ತಿಂಗಳು ಸ್ಟಾಕಿಲ್ಲ ಅಂದ್ರೆ ಜನ ಮತ್ತೆ ನನ್ನ ಹತ್ರ ಬಿಳಿ ಗುಳಿಗಿಗೆ ಬರ್ತಾರೆ. ನಾನೀಗ ಕೊಡ್ತಿಲ್ಲ, ಒಂದೂವರೆ ವರ್ಷ ಆಯ್ತು, ಗಿರಾಕಿ ಕಮ್ಮಿಯಾಗಿದಾರೆ, ಅದನ್ನ ಸಹಿಸ್ಕೊಳ್ತೀನಿ. ಒಲೆಗಳಿಗೆ ಎತ್ತರದ ಚಿಮಣಿ ಹಾಕ್ಕೊಳ್ಳೋಕೆ ಮಾಲೀಕರಿಗೆ ಸಾಲ ಸಬ್ಸಿಡಿ ಏನಾದ್ರೂ ಕೊಡೋಕಾದ್ರೆ ಅದು ಡಿಸಿ ಸಾಹೇಬ್ರ ಕೈಲಿದೆ, ದಂಡ ಹಾಕಿದ್ರೆ ರಾತ್ರಿ ಹಾಕೋ ಬೆಂಕಿ ಇನ್ನೂ ತಡ ರಾತ್ರಿಗೆ ಹೋಗುತ್ತೆ ಅಷ್ಟೇ.

ಶುಕ್ರವಾರ ಮಧ್ಯಾಹ್ನ ನಮಾಜ್ ಮುಗಿದ ಮೇಲೆ ನಮ್ಮ ಕಡೆ ಬಹಳ ಜನ ಬಿಡುವಾಗಿರ್ತಾರೆ. ನನ್ನ ಅಂಗಡಿ ಪಕ್ಕದ ರೂಮು ಖಾಲಿ ಇದೆ, ಫ್ಯಾನ್ ಇದೆ, ಮಿಷಿನ್ ಗೆ ಪ್ಲಗ್ ಪಾಯಿಂಟ್ ಇದೆ, ನಾಲ್ಕು ಕುರ್ಚಿ ನಾನು ಹಾಕ್ತೀನಿ. ಮೊದಲು ಊದಿ ತೋರಿಸೋಕೆ ಖಾಲಾ ಒಪ್ಪಿದಾರೆ, "ನಾನು ಊದಿದ್ರೆ ಮಿಕ್ಕೋರಿಗೆ ಹೆದ್ರಿಕೆ ಹೋಗುತ್ತೆ ಬಿಡಣ್ಣ" ಅಂದ್ರು.

ಇಂತಿ,
ಹಳೇ ದಾವಣಗೆರೆಯ ಒಬ್ಬ ಮೆಡಿಕಲ್ ಶಾಪ್ ನವನು